ಉಪ್ಪು ಮರೆತರೆ

ಇಳಿಸು ಮಾರಾಯ, ಜಗಲಿ ಮೇಲೆ ಇಳಿಸು, ನೋಡುವ.
ಶಿವಮೊಗ್ಗದಲ್ಲಿ ಎಷ್ಟು ಕೊಟ್ಟೆ ಇದಕ್ಕೆ?
ಬೇಡ, ಹೇಳಬೇಡ, ಉಂಡದ್ದು ಕರಗಲಿಕ್ಕಿಲ್ಲ ನನಗೆ.

ಹನ್ನೊಂದು ಜೇಬು. ಎಣಿಸಿದೆ.
ಹನ್ನೊಂದು ಜೇಬಿನವ ಕತ್ತಲಲ್ಲಿ
ಬೆಂಕಿಪೆಟ್ಟಿಗೆ ಹುಡುಕುತ್ತಲೇ ಬೆಳಗು ಮಾಡುತ್ತಾನೆ.
ಈ ಪಟ್ಟಿ ಎಳಿ, ನೋಡುವ.
ಪರ್ರ್ ಅಂತು! ಕೇಳಿತಾ?
ಮರಸಿನ ಮೇಲೆ ಕೂತು ಇದನ್ನು ಬಿಚ್ಚಿದರೆ
ತಾಳಗುಪ್ಪದ ಹಂದಿ ಎದ್ದು ಜೋಗ ದಾಟೀತು.
ಬಣ್ಣವೇನೋ ಎಲೆಯದ್ದೇ, ಒಪ್ಪಿದೆ.
ಆದರೆ ಹಂದಿ ನೋಡುವುದು ಮೂಗಿನಿಂದ.
ಇದು ಹೊಸ ಬಸ್ಸಿನ ಸೀಟು ನಾರಿದ ಹಾಗೆ ನಾರುತ್ತಿದೆ.
ಮೂರು ದಿನ ಕೊಟ್ಟಿಗೆಯ ಹುಲ್ಲಲ್ಲಿ ಹುಗಿ. ಆಮೇಲೆ ಮಾತು.

ನಿನ್ನ ಮಾವನ ಚೀಲ ಅಗೋ, ನಾಗಂದಿಗೆ ಮೇಲೆ.
ಹರಿದ ಲಾರಿ ತಾಡಪಾಲು,
ಸಾಗರದಲ್ಲಿ ಕೊಡೆ ರಿಪೇರಿ ಮಾಡುವ ಇಮಾಮ್ ಸಾಬರು
ಮೇಣ ಹಚ್ಚಿದ ದಾರದಲ್ಲಿ ಹೊಲಿದು ಕೊಟ್ಟದ್ದು.
ಜೇಬು ಎರಡೇ.
ಒದ್ದೆಯಾಗಬಾರದ್ದು ಬಲಕ್ಕೆ: ಮದ್ದು, ಕೇಪು, ಕತ್ತದ ನಾರು.
ಆದರೆ ಆಗಲಿ ಅನ್ನುವಂಥದ್ದು ಎಡಕ್ಕೆ:
ಎಲೆಯಡಿಕೆ, ಚರೆ, ಮಡಚುವ ಚಾಕು.
ಒಳಗೆ ನಾನು ಬಾಳೆಪಟ್ಟೆ ಹಾಸಿ ಕಳಿಸುತ್ತಿದ್ದೆ,
ಬಟ್ಟೆಗೆ ರಕ್ತ ಹಿಡಿಯಬಾರದೆಂದು.
ಹಿಡಿದಿದೆ. ಆ ಮೂಲೆ ಮೂಸು.

ಹಂದಿ ಬಿದ್ದದ್ದು ಯಾರೂ ಕೂಗದೆ ಗೊತ್ತಾಗುತ್ತಿತ್ತು.
ನಾಯಿಗಳು ಮುಂದೆ, ಹಿಂದಿನಿಂದ ಗಂಡಸರ ದೊಡ್ಡ ಮಾತು.
ಹುಲ್ಲುಬೆಂಕಿಯಲ್ಲಿ ಸುಟ್ಟು, ಹೆರೆದು,
ಪಾಲು ಹಾಕುವಾಗ ಜಗಳ:
ಈಡು ಹೊಡೆದವನಿಗೆ, ಹಳು ನುಗ್ಗಿದವರಿಗೆ,
ಕೋವಿಗೊಂದು, ನಾಯಿಗೂ ಒಂದು.
ಬೇಯಿಸುವ ಗುತ್ಯಮ್ಮನ ಪಾಲು ಯಾರ ಬಾಯಲ್ಲೂ ಬರಲಿಲ್ಲ.
ಪಾತ್ರೆಯ ತಳ ನನ್ನದು.
ಕಾಯಿದೆ ನಾನೇ ಮಾಡಿಕೊಂಡೆ.

ಬರೆದುಕೊಳ್ಳಬೇಡ, ನನ್ನ ಕೈ ನೋಡು.
ಕೊಬ್ಬಿದ ಹಂದಿಗೆ ಎಣ್ಣೆ ಹೊಯ್ಯುವವ ದಡ್ಡ.
ಮೊದಲು ಬರೇ ಉಪ್ಪು, ಅರಿಶಿಣ,
ತನ್ನ ನೀರಲ್ಲಿ ತಾನೇ ಬೇಯಲಿ.
ಸೂಜಿಮೆಣಸು, ಕಾಳುಮೆಣಸು, ಕಪ್ಪಾಗುವಷ್ಟು ಹುರಿದ ಕೊತ್ತಂಬರಿ.
ಉಪ್ಪಾಗೆ ಹುಳಿ ಕಟ್ಟಕಡೆಗೆ.
ಮೊದಲೇ ಬಿಟ್ಟೆಯೋ, ಮಾಂಸ ಸೆಟೆದು ಕೂರುತ್ತದೆ
ಮದುವೆಮನೆಯಲ್ಲಿ ಮುನಿದ ಅಳಿಯನ ಹಾಗೆ.
ಕಾಡುಕೋಳಿಯ ಲೆಕ್ಕ ಬೇರೆ. ಓಡಿ ಓಡಿ ಬರೇ ನಾರು.
ಅದಕ್ಕೆ ಕಾಯಿಹಾಲು ಬೇಕು, ಆಚೆಮನೆ ಸುದ್ದಿಯೆಲ್ಲ ಮುಗಿಯುವಷ್ಟು ಹೊತ್ತು ಬೇಕು.
ಬರ್ಕ ಮಾತ್ರ ಒಳಗೆ ತರಬೇಡಿ ಅಂದಿದ್ದೆ.
ಒಮ್ಮೆ ತಂದರು.
ನನ್ನ ಕಿರುಬೆರಳಿನಷ್ಟು ದಪ್ಪ ಕಾಲು.
ಅರೆದ ಮಸಾಲೆ ಕಲ್ಲಿನ ಮೇಲೇ ಒಣಗಿತು.

ಹೋಗಲಿ ಬಿಡು.
ಬರಿಗೈ ದಿನಗಳೇ ಹೆಚ್ಚು, ಅದನ್ನು ಯಾವ ಶಿಕಾರಿಯವನೂ ಹೇಳುವುದಿಲ್ಲ.
ಆದರೆ ದುಗ್ಗಪ್ಪನ ಚೀಲ ಬರಿದಾಗಿ ಬರಲಿಲ್ಲ:
ಹುತ್ತದ ಅಣಬೆ, ಕಳಲೆ, ಅಂಗಿ ಕೆಂಪು ಮಾಡುವ ಮುರುಗಲ ಹಣ್ಣು,
ನನ್ನ ತುರುಬಿಗೆಂದು ಮುಳ್ಳುಹಂದಿಯ ಮುಳ್ಳು.
ಒಂದು ಸಲ ಯಾರದೋ ದನ ಉದುರಿಸಿಕೊಂಡ ಮರದ ಗಂಟೆ.
ಮೂರು ಊರು ತಿರುಗಿ ಆ ಗಂಟೆಯ ಕೊರಳು ಹುಡುಕಿ ಬಂದ.
ಚೀಲ ಆರಿಸುವಾಗ
ಸಿಗದ ದಿನವನ್ನು ನೆನೆದು ಆರಿಸು ತಮ್ಮಾ.

ಕೋವಿ ಈಗ ಠಾಣೆಯಲ್ಲಿದೆ, ಓಟು ಮುಗಿಯುವ ತನಕ.
ಬಂದರೂ ಗದ್ದೆ ಕಾಯಲಿಕ್ಕೆ, ಆಕಾಶಕ್ಕೊಂದು ಢಂ, ಅಷ್ಟೇ.
ಮೊನ್ನೆ ಫಾರೆಸ್ಟಿನವ ವಾಸನೆ ಹಿಡಿದು ಒಲೆ ತನಕ ಬಂದ.
ಮುಚ್ಚಳ ತೆಗೆದು ತೋರಿಸಿದೆ:
ಎಳೆ ಹಲಸಿನಕಾಯಿ. ಮಸಾಲೆ ಅದೇ.
ಎರಡು ಸಲ ಹಾಕಿಸಿಕೊಂಡು ಉಂಡ,
ಏನೋ ಕೇಳಬೇಕೆಂದು ಬಾಯಿ ತೆರೆದು
ಕೇಳದೆ ಹೋದ.

ಕಾನಿನಂಚಿಗೆ ಹೋಗಿ ಬಾ. ಹೆಗಲಿಗೆ ಒಗ್ಗುತ್ತದೋ ನೋಡು.
ಟಾರ್ಚು ಇದೆಯಾ? ಕತ್ತಿ?
ಕೋವಿ ಮರೆತು ಹೋದರೆ ಮುಂದೆ ನಡಿ.
ಉಪ್ಪು ಮರೆತರೆ ವಾಪಸು ಬಾ.