ಒಗೆಯುವ ಮುನ್ನ ಜೇಬು ನೋಡಬೇಕು

ಮತ್ರಾ ಪೇಟೆಯ ಹಿಂದಿನ ಓಣಿ, ನಮ್ಮ ಲಾಂಡ್ರಿ.
ಗೋಡೆಗೆ ಅಂಟಿಸಿದ ನಿಯಮ ಒಂದೇ:
ಒಗೆಯುವ ಮುನ್ನ ಜೇಬು ನೋಡಬೇಕು.
ಮಲಯಾಳದಲ್ಲಿದೆ, ಬಂಗಾಳಿಯಲ್ಲಿದೆ, ಉರ್ದುವಿನಲ್ಲಿದೆ.
ಕನ್ನಡದಲ್ಲಿ ನಾನೇ ಬರೆದೆ, ಪೆನ್ಸಿಲಿನಲ್ಲಿ, ಸಣ್ಣಗೆ.
ಓದುವವನೂ ನಾನೊಬ್ಬನೇ.

ಹನ್ನೊಂದು ವರ್ಷದಲ್ಲಿ ಏನೇನು ಸಿಕ್ಕಿಲ್ಲ!
ಖರ್ಜೂರದ ಬೀಜ, ಐವತ್ತು ಬೈಸೆಯ ನಾಣ್ಯ,
ಟಿಶ್ಯೂವಿನಲ್ಲಿ ಸುತ್ತಿಟ್ಟ ಮಗುವಿನ ಹಾಲುಹಲ್ಲು,
ಬರೆದು ಕೊಡದೇ ಉಳಿದ ಒಂದು ರಾಜೀನಾಮೆ.
ಎಲ್ಲ ಬಿಸ್ಕತ್ತಿನ ಡಬ್ಬಿಯೊಳಗಿವೆ.
ಕೇಳಿಕೊಂಡು ಬರುವವರು ಕಡಿಮೆ.

ಆ ಬುಧವಾರ ಬಾಗಿಲು ಎಳೆಯುವ ಹೊತ್ತಿಗೆ ಬಂದವನು
ಬಂದರಿನ ಕಾವಲುಗಾರ, ಸುಡಾನಿನ ಅಬ್ದೆಲ್ ಬಾಗಿ.
ನಿನ್ನೆ ಕೊಟ್ಟ ಅಂಗಿಯಲ್ಲಿ ಸಿಮ್ ಇತ್ತಂತೆ,
ಉಗುರಿಗಿಂತ ಚಿಕ್ಕದು.
“ಎರಡು ರಿಯಾಲಿಗೆ ಹೊಸದು ಸಿಗುತ್ತೆ,” ಅಂದ ನಮ್ಮ ಕುರಿಯಾಕೋಸ್.
“ಸಿಮ್ ಸಿಗುತ್ತೆ. ಆ ನಂಬರು ಊರಿಗೆ ಹೋದ ಗೆಳೆಯನ ಹೆಸರಲ್ಲಿದೆ.
ನಮ್ಮಮ್ಮನಿಗೆ ಬಾಯಿಪಾಠ ಇರೋದು ಅದೊಂದೇ.
ಮನೆ ಬಿಟ್ಟು ಓಡಿದ್ದಾಳೆ, ಯಾವ ಊರಲ್ಲಿದ್ದಾಳೋ.
ಯಾರದೋ ಫೋನು ಬೇಡಿ, ಒಂದು ದಿನ ಮಾಡ್ತಾಳೆ.”

ಮೆಷಿನ್ ನಿಲ್ಲಿಸಿದೆವು. ನೂಲುಕಸದ ಪೆಟ್ಟಿಗೆ ಬಿಚ್ಚಿದೆವು.
ಆತ ನೆಲಕ್ಕೆ ಮೊಣಕಾಲೂರಿ ಟಾರ್ಚು ಹಿಡಿದು
ಕಸದ ಉಂಡೆಗಳನ್ನು ಒಂದೊಂದೇ ಬಿಡಿಸುತ್ತ
“ವೇನಿಕ್, ವೇನಿಕ್” ಅನ್ನುತ್ತಿದ್ದ,
ಮಂಚದ ಕೆಳಗೆ ಅವಿತ ಕೂಸನ್ನು ಕರೆದ ಹಾಗೆ.
ಎಲ್ಲಿದ್ದೀ, ಎಲ್ಲಿದ್ದೀ.

ನನ್ನ ಕೈ ನಿಂತಿತು.
ಬೀದರಿನ ತಗಡಿನ ಚಾಪೆಲು, ಭಾನುವಾರದ ಶಾಲೆ,
ಕರುಣಮ್ಮ ಟೀಚರು ಕೇಳುತ್ತಿದ್ದರು:
ದೇವರು ಮನುಷ್ಯನಿಗೆ ಕೇಳಿದ ಮೊದಲ ಪ್ರಶ್ನೆ ಯಾವುದು?
“ಎಲ್ಲಿದ್ದೀ!” ಎಂದು ಕೂಗಿ ಪೆಪ್ಪರ್‌ಮಿಂಟು ಗೆದ್ದವನು ನಾನು.
ಆದರೆ ನನ್ನ ಕಿವಿಯಲ್ಲಿ ಅದು ಯಾವತ್ತೂ ಪೊಲೀಸಪ್ಪನ ದನಿ,
ತೋಟದ ಬಾಗಿಲಲ್ಲಿ ಲಾಠಿ ತಟ್ಟುತ್ತ ಕೇಳಿದ್ದು.
ಹೀಗೂ ಕೇಳಬಹುದೆಂದು, ಮೊಣಕಾಲೂರಿ,
ಗಡ್ಡಕ್ಕೆಲ್ಲ ನೂಲು ಮೆತ್ತಿಕೊಂಡು,
ನನಗೆ ಯಾರೂ ಹೇಳಿರಲಿಲ್ಲ.

ಐದು ಶುಕ್ರವಾರವಾಗಿತ್ತು ನಾನು ಆರಾಧನೆಗೆ ಹೋಗಿ.
ಸಂಗಡಿಗರ ಚೀಟಿಹಣ ನನ್ನ ಬಳಿಯಿತ್ತು;
ಎಂಬತ್ತು ರಿಯಾಲು ತಂಗಿಯ ಆಸ್ಪತ್ರೆಗೆ ಕಳಿಸಿದ್ದೆ,
ಯಾರನ್ನೂ ಕೇಳದೆ.
ಶುಕ್ರವಾರ ಬಂತೆಂದರೆ, ವ್ಯಾನಿನ ಯೇಸುಮಿತ್ರಣ್ಣ
ಮೀನುಪೇಟೆಯ ತಿರುವಿನಲ್ಲಿ ಕಾಯುತ್ತ ಫೋನು ಮಾಡುತ್ತಾನೆ.
ಫೋನನ್ನು ಮಡಚಿದ ದಿಶ್ದಾಶಗಳ ಕೆಳಗೆ ತೂರಿಸುತ್ತೇನೆ.
ಗಂಜಿ ಹಾಕಿದ ಬಟ್ಟೆ, ದನಿ ಹೊರಗೆ ಬರುವುದಿಲ್ಲ,
ನಡುಗುವುದು ಮಾತ್ರ ಕಾಣುತ್ತದೆ.

ಸಿಮ್ ಸಿಕ್ಕಿತು. ಪೆಟ್ಟಿಗೆಯಲ್ಲಲ್ಲ,
ಅದೇ ಒದ್ದೆ ಅಂಗಿಯ ಜೇಬಿನ ಹೊಲಿಗೆಯ ಸಂದಿಯಲ್ಲಿ.
ಆ ಜೇಬು ನಾನು ಎರಡು ಸಲ ನೋಡಿದ್ದೆ.
ಅಬ್ದೆಲ್ ಬಾಗಿ ಅದನ್ನು ಒರೆಸಿ, ಊದಿ, ಫೋನಿಗೆ ಹಾಕಿ,
ಗೆರೆಗಳು ಮೂಡಿದ್ದೇ ಓಣಿಗೆಲ್ಲ ಚಹಾ ಹೇಳಿದ.
ಇಪ್ಪತ್ತಮೂರು ಲೋಟ; ಎರಡು ರಿಯಾಲು ಮುನ್ನೂರು ಬೈಸೆ.
ಹೊಸ ಸಿಮ್ಮಿಗಿಂತ ದುಬಾರಿ!
ಹತ್ತು ನಾಣ್ಯದ ಆ ಹೆಂಗಸೂ
ಸಿಕ್ಕಿದ ಒಂದನ್ನು ನೆರೆಯವರ ಊಟಕ್ಕೇ ಮುಗಿಸಿರಬೇಕು.
ಬೋಧಕರು ಯಾರೂ ಈ ಲೆಕ್ಕ ಎತ್ತಲಿಲ್ಲ.
ಆ ರಾತ್ರಿ ಅವನ ತಾಯಿಯ ಕರೆ ಬರಲಿಲ್ಲ. ಮರುದಿನವೂ.
ಬಂದಾಗ ಹೇಳ್ತೇನೆ ಅಂದಿದ್ದಾನೆ.

ಶುಕ್ರವಾರ, ಒಂದು ಗಂಟೆ. ಬಟ್ಟೆಯ ರಾಶಿ ನಡುಗಿತು.
ಈ ಸಲ ಎತ್ತಿದೆ.
ವ್ಯಾನಿನ ಹಾರ್ನು, ಯಾರದೋ ಕೆಮ್ಮು, ಗಾಳಿ.
“ಎಲ್ಲಿದ್ದೀಯೋ?”
“ಇಲ್ಲೇ ಅಣ್ಣಾ.”
“ಇಲ್ಲೇ ಅಂದ್ರ ಎಲ್ಲಿ?”

ಇಸ್ತ್ರಿಯ ಸ್ವಿಚ್ಚು ಆರಿಸಿದೆ.
ನನ್ನ ಅಂಗಿಯ ಜೇಬು ನೋಡಿಕೊಂಡೆ:
ಹದಿನಾಲ್ಕು ರಿಯಾಲು.
ಇನ್ನೂ ಅರವತ್ತಾರು ಕಡಿಮೆ.
ಚಪ್ಪಲಿ ಮೆಟ್ಟಿದೆ.