ನೆಲ್ಯಹುದಿಕೇರಿಯ ಅರಸನಿಗೆ

ಕರೆಂಟು ಹೋಗಿತ್ತು ಅಂತ ಬರೆದಿದ್ದೀಯ, ಹಂಸ.
ಅದಕ್ಕೇ ನಿನ್ನ ಆನೆಪಡೆ ಹೊರಡಲಿಲ್ಲವಂತೆ,
ಅದಕ್ಕೇ ನನ್ನ ಕೋಟೆಯ ಮೂಡಣ ಬಾಗಿಲು
ಹನ್ನೊಂದು ಹೊಡೆದ ಗಳಿಗೆಗೆ
ಚೋಳರ ಪಾಲಾಯಿತಂತೆ.

ಇರಲಿ.

ಒಂದು ರಾತ್ರಿಗೆ ಒಂದು ಋತು ನಮ್ಮ ಆಟದಲ್ಲಿ.
ಹನ್ನೊಂದಕ್ಕೆ ಎಲ್ಲರ ಆಜ್ಞೆಗಳೂ ಒಟ್ಟಿಗೆ ನಡೆಯುತ್ತವೆ,
ಆಮೇಲೆ ತಿದ್ದುವಂತಿಲ್ಲ.
ನನಗೆ ಬಂದದ್ದು ಚಂಗಾಳ್ವರ ಸೀಮೆ, ನಿನಗೆ ಕೊಂಗಾಳ್ವರದು,
ನಡುವೆ ಬೆರಳಗಲ ನೀಲಿ, ಕಾವೇರಿ.
ಹೊರಗೂ ಹಾಗೇ ಅಲ್ಲವೇ?
ಸಿದ್ದಾಪುರದ ಮೆಣಸಿನ ಮಂಡಿಯಲ್ಲಿ ಲೆಕ್ಕ ಬರೆಯುವ ನಾನು ಈ ದಡ,
ಪಂಪ್‌ಸೆಟ್ ಬಿಚ್ಚಿ ಜೋಡಿಸುವ ನೀನು ಆ ದಡ,
ನಡುವೆ ಸೇತುವೆ, ಅದರ ಮೇಲೆ ನೀರು ಸೋರಿಸುತ್ತ ಹೋಗುವ ಮೀನಿನ ಲಾರಿ.

ಮೂರು ಋತು ಒಬ್ಬರ ತುರು ಒಬ್ಬರು ಹೊಡೆದೆವು.
ನನ್ನವರ ವೀರಗಲ್ಲು ನಿನ್ನ ಗಡಿಯಲ್ಲಿ, ನಿನ್ನವರದು ನನ್ನಲ್ಲಿ.
ನಾಲ್ಕನೆಯ ರಾತ್ರಿ ನೀನೇ ಬರೆದೆ:
"ಚೋಂದಮ್ಮಕ್ಕ, ಸಣ್ಣವರಿಬ್ಬರು ಕಚ್ಚಾಡಿದರೆ
ದೊಡ್ಡವನಿಗೆ ಎಲೆ ಹಾಕಿ ಬಡಿಸಿದ ಹಾಗೆ."
ಮಾತು ಸರಿಯಾಗಿತ್ತು. ಸರಿಯಾದ ಮಾತನ್ನು
ನಾನು ಎರಡು ಸಲ ತೂಗುತ್ತೇನೆ, ಮಂಡಿಯ ಚಾಳಿ.

ಪಡೆ ನದಿ ದಾಟಬಾರದು. ಹರಿಗೋಲಿನ ಸುಂಕ ಅರ್ಧರ್ಧ.
ಒಬ್ಬರ ಮೇಲೆ ಬಿದ್ದರೆ ಇನ್ನೊಬ್ಬರು ಎದ್ದು ಬರಬೇಕು.
ಹೊಯ್ಸಳನ ಚಿಂತೆ ಏಪ್ರಿಲ್‌ವರೆಗೆ ಬೇಡ:
ಅವನು ಗೋಣಿಕೊಪ್ಪದ ಹುಡುಗ, ಹತ್ತನೇ ಕ್ಲಾಸು,
ಗಣಿತದ ಪರೀಕ್ಷೆ ಮುಗಿಯುವ ತನಕ
ಅವನಮ್ಮ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿದ್ದಾಳೆ.
ಸಾಮ್ರಾಜ್ಯಗಳು ಹೀಗೂ ನಿದ್ದೆ ಹೋಗುತ್ತವೆ.

ಮೊಹರು ಬೇಕಲ್ಲ ಅಂತ ನೀನು ಸೇತುವೆ ದಾಟಿ ಬಂದೆ.
ಗ್ರೀಸಿನ ಕೈಯಲ್ಲಿ ಒಂದು ಹಿಡಿ ಮೆಣಸೆತ್ತಿ, ಮೂಸಿ,
ಮತ್ತೆ ಚೀಲಕ್ಕೆ ಸುರಿದೆ.
"ಸರಿಯಾ?" ಅಂದೆ. "ಸರಿ" ಅಂದೆ.
ಯಾರು ಯಾವುದನ್ನು ಅಂದದ್ದೋ,
ಆ 'ಅಂದೆ'ಯೊಳಗೆ ನಿನಗೂ ನನಗೂ ಜಾಗವಿದೆ.

ಈಗ ನಿನ್ನೆಯ ರಾತ್ರಿ.
ಹತ್ತೂವರೆಗೆ ಹಿತ್ತಿಲ ಬಾಗಿಲು ತೆಗೆದೆ.
ಹೊಳೆಯಾಚೆ ನಿನ್ನ ಅಂಗಡಿಯ ಟ್ಯೂಬ್‌ಲೈಟು
ನೀರಲ್ಲಿ ಉದ್ದಕ್ಕೆ ನಡುಗುತ್ತಿತ್ತು.
ಹೂಮಳೆ ಬಾರದ ಮಾರ್ಚಿ. ತೋಟಗಳಲ್ಲಿ ಸ್ಪ್ರಿಂಕ್ಲರು ಚಿಕ್ ಚಿಕ್ ಚಿಕ್.
ನೀನೇ ರಿಪೇರಿ ಮಾಡಿದ ಮೋಟಾರುಗಳು
ನದಿಯನ್ನು ಗುಟುಕು ಗುಟುಕಾಗಿ ಎಳೆಯುತ್ತಿದ್ದವು.
ಕರೆಂಟಿಲ್ಲದೆ, ಹಂಸ?

ಮೆಣಸು ತಂದವರೆಲ್ಲ ಚೆನ್ನಾಗಿ ಒಣಗಿದೆ ಅಂತಲೇ ಹೇಳುತ್ತಾರೆ.
ತೇವದ ಯಂತ್ರಕ್ಕೆ ಹಾಕಿದರೆ ಹದಿನಾಲ್ಕು ಅನ್ನುತ್ತದೆ.
ನಾನು ಜಗಳಕ್ಕೆ ಹೋಗುವುದಿಲ್ಲ,
ದರದಲ್ಲಿ ಮುರಿದುಕೊಳ್ಳುತ್ತೇನೆ.

ಇನ್ನೊಂದು. ಇದನ್ನು ನಿನಗೆ ಕಳಿಸುವುದಿಲ್ಲ, ಅದಕ್ಕೇ ಬರೆಯಬಹುದು.
ಎರಡು ಋತು ಹಿಂದೆ ಚೋಳನ ಓಲೆ ನನಗೂ ಬಂದಿತ್ತು.
ಕುಂಭಕೋಣದವನಂತೆ. ಅವನ ತಮಿಳು ಯಾವುದೋ ಗಿರಣಿಯಲ್ಲಿ ಬಿದ್ದು
ಕನ್ನಡವಾಗಿ ಉದುರುತ್ತದೆ:
"ಗೌರವದ ರಾಣಿ, ನಿಮ್ಮ ಗೆಳೆತನ ನನಗೆ ಹಸಿವಾಗುತ್ತಿದೆ.
ನದಿಯ ಬಡಗಣವನ್ನು ತಾವು ಊಟ ಮಾಡಿರಿ."
ನಕ್ಕೆ. ಅಳಿಸಲಿಲ್ಲ.
'ಯೋಚಿಸುತ್ತೇನೆ' ಅಂತ ಬರೆದೆ.
ನಿನಗೂ ಇಂಥದೇ ಬಂದಿರಬೇಕು, ದಿಕ್ಕು ಮಾತ್ರ ತೆಂಕಣ.
ನನಗಿಂತ ಒಂದು ರಾತ್ರಿ ಮುಂಚೆ
ನೀನು ಯೋಚಿಸಿ ಮುಗಿಸಿದೆ, ಅಷ್ಟೆ.

ನಿನ್ನ ಉಪ್ಪ ಇಟ್ಟ ಹೆಸರಿನ ಹಂಸ ಬೇರೆ, ಗೊತ್ತು.
ಹಾಲು ನೀರು ಬೇರೆ ಮಾಡುವ ಆ ಇನ್ನೊಂದು ಹಂಸ
ಹೊಳೆಯಾಚೆಯೂ ಇಲ್ಲ, ಈಚೆಯೂ ಇಲ್ಲ.
ಇದ್ದಿದ್ದರೆ ನಮ್ಮಿಬ್ಬರಿಗೂ ಕಷ್ಟವಿತ್ತು.

ಗಂಟೆ ಹತ್ತು ಐವತ್ತು. ನಿನಗೆ ಉತ್ತರ ಕಳಿಸಿದೆ:
"ಹೌದು ತಮ್ಮಾ, ನಮ್ಮಲ್ಲೂ ಕರೆಂಟು ಹೋಗಿತ್ತು.
ಸಂಧಿ ಹಾಗೇ ಇರಲಿ."
ನಿನ್ನೆ ನನ್ನ ಹಿತ್ತಿಲ ಬಲ್ಬು ನಿನಗೂ ಕಂಡಿರುತ್ತದೆ.
ಕಾಣಲಿ.

ಉಳಿದ ನೂರಿಪ್ಪತ್ತು ಕಾಲಾಳುಗಳನ್ನು ದಡಕ್ಕೆ ತಂದು ಕೂರಿಸಿದ್ದೇನೆ.
ಹರಿಗೋಲಿನ ಹಗ್ಗ ಬಿಗಿದದ್ದೋ ಬಿಚ್ಚಿದ್ದೋ,
ಹನ್ನೊಂದಾಗಲಿ.