ಕಕ್ಕಡದ ಲೆಕ್ಕ

ನೆರಳು ಬೆಳೆಯುವ ಊರಿಗೆ
ಬಿಸಿಲಿನ ಯಂತ್ರ ಮಾರಲು ಬಂದವಳು ನಾನು.
ಬಿರುನಾಣಿಯ ಬೊಳ್ಳವ್ವ ಮೊದಲು ನಕ್ಕರು,
ಆಮೇಲೆ ಕೇಳಿದರು: ಎಷ್ಟಾಗ್ತದೆ?
ಒಂದು ಲಕ್ಷದ ಮೂವತ್ತು ಸಾವಿರ.
ರೂಪಾಯಿ ಬೇಡ, ಮೆಣಸಿನಲ್ಲಿ ಹೇಳು.
ಇನ್ನೂರು ಕಿಲೋ ಮೇಲೆ.
ಹಾಗಾದರೆ ಕಾಫಿ ಕುಡಿದು ಹೋಗು.

ಹೋಗಲಿಲ್ಲ. ಲೋಟ ಹಿಡಿದೇ ಸೂರ್ಯನನ್ನು ಹುಡುಕಿದೆ.
ಮಾಡಿನ ಮೇಲೆ ಹಲಸಿನ ನೆರಳು,
ಹಿತ್ತಲಿಗೆ ಸಿಲ್ವರ್, ತೋಟಕ್ಕೆ ಹಾಲುವಾಣ,
ಅದರ ಮೈಗೆ ಬಳ್ಳಿ, ಬಳ್ಳಿಗೆ ಐದು ಕಿಲೋ ಮೆಣಸು;
ಕಡಿಯಿರಿ ಎನ್ನುವ ಬಾಯಿ ನನಗಿರಲಿಲ್ಲ.
ಕಣದಲ್ಲೇನೋ ಬಿಸಿಲಿತ್ತು. ಅದು ಕಾಫಿಗೆ ಮೀಸಲು,
ಹಣ್ಣು ಹರಡಿದ ದಿನ ಅಲ್ಲಿ
ಕೋಳಿಯ ನೆರಳೂ ಬೀಳಬಾರದು.

ಕೊನೆಗೆ ಇಳಿದು ಹೋದರೆ ಗದ್ದೆ.
ಆಕಾಶ ಪೂರ್ತಿ ಬಿಚ್ಚಿಕೊಂಡ ಒಂದೇ ಜಾಗ,
ಕೆರೆಯ ಬದಿ, ದಕ್ಷಿಣಕ್ಕೆ ಮುಖ.

ರಸೀದಿಯ ಬೆನ್ನ ಮೇಲೆ ಹೊಸ ಲೆಕ್ಕ:
ಪಂಪಿಗೆ ಬ್ಯಾಟರಿ ಬೇಡ.
ಬಿಸಿಲಿದ್ದಷ್ಟು ಹೊತ್ತು ನೀರನ್ನು ಗುಡ್ಡ ಹತ್ತಿಸಲಿ,
ಮೇಲಿನ ಸಿಮೆಂಟು ತೊಟ್ಟಿಯೇ ಅದರ ಬ್ಯಾಟರಿ;
ಸಂಜೆ ನಲ್ಲಿ ತಿರುಗಿಸಿದರೆ
ಮಧ್ಯಾಹ್ನ ಇಳಿದು ಬರುತ್ತದೆ.
ಬೇಲಿಗೆ ರಾತ್ರಿಯೊಂದಕ್ಕೆ ಐವತ್ತು ವಾಟ್ ಅವರ್.
ಮೂರು ದೀಪ, ಏಳೇಳು ವಾಟ್, ನಾಲ್ಕು ಗಂಟೆ.
ಫೋನಿಗೆ ಚೂರು.
ಹೂಮಳೆ ಕೈಕೊಟ್ಟರೆ? ಎಂದರು.
ಇಲ್ಲ, ಮಾರ್ಚಿನ ಸ್ಪ್ರಿಂಕ್ಲರಿಗೆ ಡೀಸೆಲ್ಲೇ ಗತಿ,
ಅದನ್ನು ಈಗಲೇ ಹೇಳಿಬಿಡುತ್ತೇನೆ.

ನಾಪೋಕ್ಲಿನ ಮೊಯ್ದು ಆರು ಸೆಲ್ಲು ತಂದ,
ಮೈಸೂರಿನ ಗುಜರಿಯಲ್ಲಿ ಸತ್ತ ಆಟೋದ ಹೊಟ್ಟೆಯಿಂದ.
ಒಂದೊಂದನ್ನೂ ತುಂಬಿಸಿ, ಬರಿದು ಮಾಡಿ, ಮತ್ತೆ ತುಂಬಿಸಿ
ಸುಳ್ಳು ಹೇಳಿದ ಎರಡನ್ನು ಬದಿಗಿಟ್ಟ.
ಉಳಿದ ನಾಲ್ಕಕ್ಕೆ ಮನೆ?
ಬೊಳ್ಳವ್ವ ಅಟ್ಟದಿಂದ ಜೇನುಪೆಟ್ಟಿಗೆ ಇಳಿಸಿದರು.
ಹುಳ ಬಿಟ್ಟುಹೋಗಿ ಎರಡು ವರ್ಷ.
ಮಾಡು ಉಂಟು, ಗಾಳಿಗೆ ಕಿಂಡಿ ಉಂಟು,
ಇರುವೆ ಹತ್ತದ ಹಾಗೆ
ಕಾಲಿನಡಿ ನೀರಿನ ಬಟ್ಟಲೂ ಉಂಟು.
ನಾಲ್ಕು ವರ್ಷ ಓದಿದ ನಾನು
ಇಷ್ಟು ಒಳ್ಳೆಯ ಪೆಟ್ಟಿಗೆ ಒಮ್ಮೆಯೂ ಬರೆದಿರಲಿಲ್ಲ.

ಒಟ್ಟು ಎಪ್ಪತ್ತು ಕಿಲೋ, ಎಂದೆ.
ಅವರು ತಲೆಯಾಡಿಸಲಿಲ್ಲ. ಒಂದೇ ಪ್ರಶ್ನೆ:
ಕಕ್ಕಡಕ್ಕೆ?

ನನ್ನ ಪುಸ್ತಕದಲ್ಲಿ ಆ ತಿಂಗಳಿಲ್ಲ.
ಬಿಸಿಲಿಲ್ಲದ ದಿನ ಎಷ್ಟು ಎಂಬ ಖಾನೆಯಲ್ಲಿ
ಮೂರು ಎಂದು ಅಚ್ಚಾಗಿದೆ,
ಯಾರೋ ಬಯಲುಸೀಮೆಯವನು ಬರೆದದ್ದು.
ಹೀಗೇ ಉರಿಸಿದರೆ ಏಳು ರಾತ್ರಿ, ಎಂದೆ.
ಒಂದೇ ದೀಪ, ಮೂರೇ ಗಂಟೆ ಆದರೆ
ಬೇಲಿಯೂ ಸೇರಿ ಹದಿನಾಲ್ಕು.
ಆಮೇಲೆ?
ಆಮೇಲೆ ನನಗೆ ಗೊತ್ತಿಲ್ಲ.
ಆಗ ತಲೆಯಾಡಿಸಿದರು.

ಕಕ್ಕಡ ಮುಗಿದ ಮೇಲೆ ಹೋದೆ.
ಪೆಟ್ಟಿಗೆಯ ಮುಚ್ಚಳದ ಒಳಬದಿ
ಇದ್ದಿಲಿನಲ್ಲಿ ದಿನಕ್ಕೊಂದು ವೋಲ್ಟೇಜು:
ಹದಿಮೂರು ಕಾಲು. ಹದಿಮೂರು ಕಾಲು. ಹದಿಮೂರು.
ಮೋಡದಲ್ಲೂ ಚಮಚದಷ್ಟು ಬೆಳಕು ಕುಡಿದಿತ್ತು.
ಹನ್ನೆರಡು ಮುಕ್ಕಾಲು. ಆಮೇಲೆ ಒಂದು ಜಾಗ ಖಾಲಿ.

ಅವತ್ತು ಸೋತಿತಾ?
ಇಲ್ಲ, ಬೇಲಿಯಾಚೆ ಆನೆ ನಿಂತಿತ್ತು,
ನಾನು ಬರೆಯಲಿಕ್ಕೆ ಇಳಿಯಲಿಲ್ಲ.

ಅಂಕಿಗಳನ್ನೆಲ್ಲ ನಕಲು ಮಾಡಿಕೊಂಡೆ,
ಆ ಖಾಲಿ ಜಾಗವನ್ನೂ ಬಿಡದೆ.